ಊರು ಕೇಳಿದರೆ ಸಿಗುವ ಕಾಯಿಲೆ

ಅಮೆರಿಕದಲ್ಲಿ ಚಾಗಸ್ ಕಾಯಿಲೆ, ಅಂದರೆ ತಿಗಣೆಯಂಥ ಹುಳದಿಂದ ಹರಡಿ ಎಷ್ಟೋ ವರ್ಷದ ಮೇಲೆ ಹೃದಯ ಕೆಡಿಸಬಲ್ಲ ಸೋಂಕು, ಇರುವ ಎಷ್ಟೋ ಜನಕ್ಕೆ ಆ ಸುದ್ದಿ ಮುಟ್ಟುವುದು ರಕ್ತನಿಧಿಯಿಂದ ಬರುವ ಒಂದು ಕಾಗದದಿಂದ. 2007ರಿಂದ ಇಲ್ಲಿ ದಾನವಾಗಿ ಬಂದ ರಕ್ತವನ್ನು ಈ ಕಾಯಿಲೆಗೂ ಪರೀಕ್ಷೆ ಮಾಡುತ್ತಾರೆ. ರಕ್ತ ಕೊಟ್ಟು, ಅವರು ಕೊಟ್ಟ ಬಿಸ್ಕತ್ತು ತಿಂದು, ಮನೆಗೆ ಬಂದು ಮರೆತವರಿಗೆ ಕೆಲವು ವಾರ ಕಳೆದ ಮೇಲೆ ಒಂದು ಲಕೋಟೆ ಬರುತ್ತದೆ. ನಿಮ್ಮ ರಕ್ತದಲ್ಲಿ ಟ್ರಿಪನೊಸೋಮ ಕ್ರೂಜಿ ಎಂಬ ಪರಾವಲಂಬಿಗೆ ಎದುರಾಗಿ ಮೈ ಹುಟ್ಟಿಸಿಕೊಂಡ ಪ್ರತಿಕಾಯಗಳು ಕಂಡಿವೆ, ಇನ್ನು ಮುಂದೆ ರಕ್ತ ಕೊಡಬೇಡಿ, ನಿಮ್ಮ ವೈದ್ಯರನ್ನು ಕಾಣಿ ಅಂತ.

ಆ ‘ನಿಮ್ಮ ವೈದ್ಯರು’ ಅಂದರೆ ನನ್ನಂಥವರು. ವಾಷಿಂಗ್ಟನ್ ಪಕ್ಕದ ಉತ್ತರ ವರ್ಜೀನಿಯಾದಲ್ಲಿ, ವಿಮೆ ಇಲ್ಲದವರು ಹೆಚ್ಚಾಗಿ ಬರುವ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ನಾನು ಫ್ಯಾಮಿಲಿ ಡಾಕ್ಟರು. ಎಂಬಿಬಿಎಸ್ ಓದಿದ್ದು ಮೈಸೂರಿನಲ್ಲಿ. ಅಲ್ಲಿ ಚಾಗಸ್ ಅಂದರೆ ಮೈಕ್ರೋಬಯಾಲಜಿಯ ಐದು ಅಂಕದ ಟಿಪ್ಪಣಿ. ಒಂದು ಚಿತ್ರ ಬರೆದು, ಕಣ್ಣುರೆಪ್ಪೆ ಊದುವ ಲಕ್ಷಣಕ್ಕೆ ಇರುವ ಹೆಸರು ಬರೆದು, ಕೆಳಗೆ ಗೆರೆ ಎಳೆದರೆ ಮುಗಿಯಿತು. ದಕ್ಷಿಣ ಅಮೆರಿಕದ ಕಾಯಿಲೆ, ನಮ್ಮಲ್ಲಿಲ್ಲ. ಇಲ್ಲಿಗೆ ಬಂದು ರೆಸಿಡೆನ್ಸಿ ಮಾಡುವಾಗಲೂ ಹೆಚ್ಚುಕಡಿಮೆ ಅದೇ ಮಾತು ಕೇಳಿದೆ: ನಮ್ಮಲ್ಲಿಲ್ಲ. ಆದರೆ ಈಗ ನಮ್ಮ ಕ್ಲಿನಿಕ್ಕಿನಲ್ಲಿ ಸರದಿಗೆ ಕಾದು ಕೂತವರಲ್ಲಿ ಬಹುಪಾಲು ಮಂದಿ ಹುಟ್ಟಿದ್ದು ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಹೊಂಡುರಾಸ್ ಅಥವಾ ಬೊಲಿವಿಯಾದಲ್ಲಿ. ಕಾಯಿಲೆಗೆ ಪಾಸ್‌ಪೋರ್ಟ್ ಬೇಕಿಲ್ಲ, ಅದು ಇವರ ಜೊತೆಗೇ ಬಂದಿದೆ.

ನಾನು ಹೇಳಹೊರಟಿರುವುದು ಅಂಥ ಒಬ್ಬ ಬೊಲಿವಿಯಾದ ಹೆಂಗಸಿನ ಜೊತೆ, ಕಾಗದ ಬಂದಲ್ಲಿಂದ ಮಾತ್ರೆ ಮುಗಿಯುವ ತನಕ ನಾನು ನಡೆದ ದಾರಿಯ ಬಗ್ಗೆ. ಆಕೆಯ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಉತ್ತರ ವರ್ಜೀನಿಯಾದ ಆರ್ಲಿಂಗ್ಟನ್, ಫೇರ್‌ಫ್ಯಾಕ್ಸ್ ಸುತ್ತಮುತ್ತ ಬೊಲಿವಿಯಾದವರು ತುಂಬ ಇದ್ದಾರೆ. ಅಮೆರಿಕದಲ್ಲಿ ಅವರ ಅತಿ ದೊಡ್ಡ ನೆಲೆ ಇದೇ. ಅವರಲ್ಲಿ ಬಹಳಷ್ಟು ಮಂದಿ ಕೊಚಬಾಂಬಾ ಕಣಿವೆಯ ಕಡೆಯವರು. ಒಬ್ಬ ಬಂದು ಗೋಡೆಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರುತ್ತಾನೆ, ಆಮೇಲೆ ತಮ್ಮನನ್ನು ಕರೆಸುತ್ತಾನೆ, ಆಮೇಲೆ ಭಾವಮೈದುನನನ್ನು. ಹಾಗೆ ಊರಿಗೂರೇ ಬಂದು ಕೂತಿದೆ. ಬೊಲಿವಿಯಾ ಈ ಕಾಯಿಲೆ ಜಗತ್ತಿನಲ್ಲೇ ಅತಿ ಹೆಚ್ಚು ಪ್ರಮಾಣದಲ್ಲಿರುವ ದೇಶ, ಅದರಲ್ಲೂ ಕೊಚಬಾಂಬಾ ಅದಕ್ಕೆ ಹೆಸರುವಾಸಿ. ಈ ಎರಡು ಸಂಗತಿಯನ್ನು ಜೋಡಿಸಿ ನೋಡುವುದಕ್ಕೆ ಇಲ್ಲಿನ ವೈದ್ಯರಿಗೆ ಯಾವ ಕಷ್ಟವೂ ಇರಬಾರದಿತ್ತು.

ಆಕೆ ಕಚೇರಿಗಳನ್ನು ರಾತ್ರಿ ಹೊತ್ತು ಸ್ವಚ್ಛ ಮಾಡುವ ಕೆಲಸದವಳು. ನಲವತ್ತು ದಾಟಿದೆ, ಇಬ್ಬರು ಮಕ್ಕಳು. ಚರ್ಚಿನಲ್ಲಿ ನಡೆದ ಶಿಬಿರದಲ್ಲಿ ರಕ್ತ ಕೊಟ್ಟಿದ್ದಳು. ಇಂಗ್ಲಿಷಿನಲ್ಲಿದ್ದ ಕಾಗದ ನೋಡಿ ಅದು ಏಡ್ಸ್ ಅಂದುಕೊಂಡು ಯಾರಿಗೂ ತೋರಿಸದೆ ಬಟ್ಟೆಯ ಕಪಾಟಿನಲ್ಲಿ ಇಟ್ಟುಬಿಟ್ಟಿದ್ದಳು. ಗಂಡನಿಗೂ ಹೇಳಿರಲಿಲ್ಲ. ಬಿಪಿ ತೋರಿಸುವ ನೆಪದಲ್ಲಿ ಬಂದು, ಎಲ್ಲ ಮುಗಿದು ಎದ್ದು ಹೊರಡುವ ಹೊತ್ತಿಗೆ ಕೈಚೀಲದಿಂದ ತೆಗೆದಳು. ನಾನು ಓದಿ, ಇದು ಏಡ್ಸ್ ಅಲ್ಲ, ಚಾಗಸ್, ಅಂದೆ.

“ಓ, ವಿಂಚುಕಾನಾ?” ಅಂದವಳೇ ಮತ್ತೆ ಕುರ್ಚಿಗೆ ಕೂತಳು. ಎಷ್ಟೋ ತಿಂಗಳ ಭಯ ಇಳಿದು ಹೋದದ್ದು ಮುಖದಲ್ಲೇ ಕಂಡಿತು. ಸ್ವಲ್ಪ ಹೊತ್ತು ಬಿಟ್ಟು ಬೇರೊಂದು ಭಯ ಹತ್ತಿತು. “ಅಮ್ಮ ಅದರಲ್ಲೇ ಹೋಗಿರಬೇಕು, ಡೊಕ್ತೊರೀತಾ.” ಅವರ ಕಡೆ ಹೆಂಗಸು ವೈದ್ಯರನ್ನು ಮುದ್ದಿನಿಂದ ಹಾಗೆ ಕರೆಯುತ್ತಾರೆ.

ವಿಂಚುಕಾ ಅನ್ನುವುದು ಈ ಪರಾವಲಂಬಿಯನ್ನು ಹರಡುವ ಹುಳ. ನಮ್ಮ ತಿಗಣೆಯ ಬಳಗದ್ದೇ, ಆದರೆ ಹೆಬ್ಬೆರಳಿನ ಉಗುರಿಗಿಂತ ದೊಡ್ಡದು, ರೆಕ್ಕೆಯಿದೆ. ಹಗಲು ಗೋಡೆಯ ಬಿರುಕಿನಲ್ಲಿ, ಹುಲ್ಲಿನ ಮಾಡಿನಲ್ಲಿ ಅಡಗಿದ್ದು ರಾತ್ರಿ ಬಂದು, ಮಲಗಿದವರ ಮುಖದ ಹತ್ತಿರ ಕಚ್ಚಿ ರಕ್ತ ಹೀರುತ್ತದೆ. ಕಚ್ಚಿದರೆ ನೋವೇ ಆಗುವುದಿಲ್ಲ. ತೊಂದರೆ ಕಚ್ಚುವುದರಲ್ಲೂ ಇಲ್ಲ. ಹೊಟ್ಟೆ ತುಂಬಿದ ಹುಳ ಅಲ್ಲೇ ಹಿಕ್ಕೆ ಹಾಕುತ್ತದೆ, ಪರಾವಲಂಬಿ ಇರುವುದು ಆ ಹಿಕ್ಕೆಯಲ್ಲಿ. ನಿದ್ದೆಗಣ್ಣಿನಲ್ಲಿ ಕೆರೆದುಕೊಂಡಾಗ ಅದು ಗಾಯದೊಳಗೆ ಹೋಗುತ್ತದೆ, ಇಲ್ಲವೇ ಕೈಗೆ ಹತ್ತಿ ಕಣ್ಣಿಗೆ ಹೋಗುತ್ತದೆ. ಇಷ್ಟು ನನಗೆ ಪುಸ್ತಕದಿಂದ ಗೊತ್ತಿತ್ತು.

ಆಕೆ ಹೇಳಿದ್ದು ಪುಸ್ತಕದಲ್ಲಿ ಇರಲಿಲ್ಲ. ಹಸಿ ಇಟ್ಟಿಗೆಯ ಮನೆ, ಒಳಗೆ ಗಿಲಾವು ಇಲ್ಲ. ಅಡುಗೆಮನೆಯ ಮೂಲೆಯಲ್ಲಿ ಗಿನಿ ಇಲಿಗಳನ್ನು ಸಾಕುತ್ತಿದ್ದರು, ಹಬ್ಬಕ್ಕೆ ಅವೇ ಅಡುಗೆ. ಹುಳಗಳಿಗೆ ಅವುಗಳ ರಕ್ತವೂ ಆಗುತ್ತಿತ್ತು, ಮನೆಯವರದ್ದೂ ಆಗುತ್ತಿತ್ತು. ಬೆಳಿಗ್ಗೆ ಎದ್ದರೆ ಗೋಡೆಯ ಮೇಲೆ ಕಪ್ಪು ಕಪ್ಪು ಗೆರೆ ಇಳಿದಿರುತ್ತಿತ್ತು. ಮಕ್ಕಳು ಹಾಸಿಗೆಯಡಿ ಹುಡುಕಿ ಹೊಟ್ಟೆ ಉಬ್ಬಿದ ಹುಳಗಳನ್ನು ಚಪ್ಪಲಿಯಲ್ಲಿ ಜಜ್ಜುವ ಪಂದ್ಯ ಕಟ್ಟುತ್ತಿದ್ದರು. “ಯಾರ ರಕ್ತವೋ ಏನೋ, ಗೋಡೆ ತುಂಬ” ಅಂತ ನಕ್ಕಳು. ಅಜ್ಜಿಯ ಪ್ರಕಾರ ವಿಂಚುಕಾ ಮನೆಯಲ್ಲಿದ್ದರೆ ದುಡ್ಡು ಬರುತ್ತದಂತೆ. ಬಂದಿತೇ ಅಂದೆ. “ನೋಡ್ತಾ ಇದೀರಲ್ಲ” ಅಂದಳು.

ನಾನು ಸಾಗರದ ಕಡೆಯವಳು. ಹೌಸ್ ಸರ್ಜನ್ ಆಗಿದ್ದಾಗ ಕೆಲವು ತಿಂಗಳು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದೆ. ಅಲ್ಲಿ ಬೇಸಿಗೆಯಲ್ಲಿ ಜ್ವರ ಅಂತ ಬಂದವರಿಗೆ ನರ್ಸಮ್ಮ ಮೊದಲು ಥರ್ಮಾಮೀಟರ್ ಇಡುತ್ತಿರಲಿಲ್ಲ. ಯಾವ ಊರು, ದರಗಿಗೆ ಕಾಡಿಗೆ ಹೋಗಿದ್ದಿರಾ, ಹತ್ತಿರ ಎಲ್ಲಾದರೂ ಮಂಗ ಸತ್ತಿದೆಯಾ ಅಂತ ಕೇಳುತ್ತಿದ್ದರು. ಮಂಗನ ಕಾಯಿಲೆಯ ಸೀಮೆಯಲ್ಲಿ ರೋಗನಿದಾನ ಶುರುವಾಗುವುದೇ ಊರಿನಿಂದ. ಇಲ್ಲಿ ನಾವು ಎದೆನೋವಿನ ರೋಗಿಗೆ ಸಿಗರೇಟು ಸೇದುತ್ತೀರಾ, ಮನೆಯಲ್ಲಿ ಬಂದೂಕು ಇದೆಯಾ, ಸೀಟ್ ಬೆಲ್ಟ್ ಹಾಕುತ್ತೀರಾ ಅಂತೆಲ್ಲ ಕೇಳುತ್ತೇವೆ. ನೀವು ಹುಟ್ಟಿದ ಮನೆಯ ಗೋಡೆ ಯಾವುದರದ್ದು ಅಂತ ಕೇಳುವ ಜಾಗ ಫಾರಂನಲ್ಲಿ ಇಲ್ಲ. ವಲಸೆ ಬರುವವರ ವೈದ್ಯಕೀಯ ತಪಾಸಣೆಯಲ್ಲೂ ಇಲ್ಲ. ನನ್ನದೇ ಹಸಿರು ಕಾರ್ಡಿನ ವೇಳೆ ಕ್ಷಯಕ್ಕೆ, ಸಿಫಿಲಿಸಿಗೆ ರಕ್ತ ತೆಗೆದರು. ಚಾಗಸ್‌ಗೆ ಬೊಲಿವಿಯಾದವರದ್ದನ್ನೂ ತೆಗೆಯುವುದಿಲ್ಲ.

ರಕ್ತನಿಧಿಯ ಕಾಗದ ಒಂದೇ ಸಾಲದು. ಈ ಕಾಯಿಲೆಯ ದೀರ್ಘಕಾಲದ ಹಂತದಲ್ಲಿ ಪರಾವಲಂಬಿ ರಕ್ತದಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಸ್ನಾಯುಗಳೊಳಗೆ ಸೇರಿಕೊಂಡಿರುತ್ತದೆ. ಪರಾವಲಂಬಿಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿ ಇಲ್ಲ ಅಂತ ಬಂದರೆ ಇಲ್ಲ ಅನ್ನುವ ಹಾಗಿಲ್ಲ. ಆದ್ದರಿಂದ ಎರಡು ಬೇರೆ ಬೇರೆ ವಿಧಾನದ ಪ್ರತಿಕಾಯ ಪರೀಕ್ಷೆ ಮಾಡಿ, ಎರಡೂ ಹೌದು ಅಂದರೆ ಮಾತ್ರ ಹೌದು. ನಮ್ಮ ಲ್ಯಾಬಿನವರ ಪಟ್ಟಿಯಲ್ಲಿ ಚಾಗಸ್‌ಗೆ ಮೂರು ನಾಲ್ಕು ಹೆಸರಿನ ಪರೀಕ್ಷೆಗಳಿದ್ದವು, ಅವುಗಳಲ್ಲಿ ಒಂದು ಇತ್ತೀಚಿನ ಸೋಂಕಿಗೆ ಮಾತ್ರ ಸಲ್ಲುವಂಥದ್ದು, ಇಪ್ಪತ್ತು ವರ್ಷದ ಹಿಂದೆ ದೇಶ ಬಿಟ್ಟವರಿಗೆ ಅದರಿಂದ ಏನೂ ತಿಳಿಯದು. ಯಾವುದನ್ನು ಬರೆಯಬೇಕೆಂದು ಲ್ಯಾಬಿಗೆ ಫೋನ್ ಮಾಡಿದರೆ ಎತ್ತಿಕೊಂಡವರು ‘ಚಾಗಸ್’ ಕಾಗುಣಿತ ಕೇಳಿದರು.

ಮೊದಲನೆಯದು ಪಾಸಿಟಿವ್, ಎರಡನೆಯದು ನೆಗೆಟಿವ್. ಇದು ಈ ಕಾಯಿಲೆಯಲ್ಲಿ ಆಗಾಗ ಆಗುವಂಥದ್ದೇ. ಆಗ ರಕ್ತವನ್ನು ರಾಜ್ಯದ ಆರೋಗ್ಯ ಇಲಾಖೆಯ ಮೂಲಕ ಅಟ್ಲಾಂಟಾದಲ್ಲಿರುವ ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಗೆ ಕಳಿಸಬೇಕು. ಇಲಾಖೆ ಅಂದ ಕೂಡಲೇ ಆಕೆ ಗಟ್ಟಿಯಾಗಿ ಕುರ್ಚಿಯ ಕೈ ಹಿಡಿದಳು. ಈ ಕಾಗದ ವಲಸೆಯವರ ಕೈಗೆ ಹೋಗುತ್ತಾ, ಕೆಲಸದ ಕಡೆ ಗೊತ್ತಾಗುತ್ತಾ? ಇಲ್ಲ, ಲ್ಯಾಬಿಗೆ ಮಾತ್ರ, ಅಂತ ದುಭಾಷಿಯ ಕೈಲೂ ಹೇಳಿಸಿದೆ. ನನ್ನ ಸ್ಪ್ಯಾನಿಷ್ ಕೆಮ್ಮು ನೆಗಡಿಗೆ ಸಾಕು, ಇಂಥ ಭರವಸೆಗೆ ಸಾಲದು. ಆಕೆ ಒಪ್ಪಿದ್ದು ನನ್ನ ಮಾತಿನಿಂದ ಅಲ್ಲ, ದುಭಾಷಿಯೂ ಕೊಚಬಾಂಬಾದವಳು ಅಂತ ಗೊತ್ತಾದ ಮೇಲೆ. ಇಬ್ಬರೂ ಫೋನಿನಲ್ಲೇ ಐದು ನಿಮಿಷ ತಮ್ಮ ಕಡೆಯ ಕೆಚುವಾ ಭಾಷೆಯಲ್ಲಿ ಏನೋ ಮಾತಾಡಿಕೊಂಡರು, ನಾನು ಪಿಳಿಪಿಳಿ ನೋಡುತ್ತಾ ಕೂತೆ.

ವಾರಗಟ್ಟಲೆ ಕಾದ ಮೇಲೆ ಫಲಿತಾಂಶ ಬಂತು. ಹೌದು.

ಆ ದಿನ ಆಕೆಗೆ ಬೆರೆನಿಸಿಯ ಕಥೆ ಹೇಳಿದೆ. ಬ್ರೆಜಿಲ್‌ನ ಲಸಾನ್ಸಿ ಎಂಬ ಸಣ್ಣ ಊರಿಗೆ, ರೈಲು ಹಾದಿಯ ಕೆಲಸಗಾರರನ್ನು ಮಲೇರಿಯಾದಿಂದ ಕಾಯಲು ಹೋಗಿದ್ದ ಕಾರ್ಲೊಸ್ ಚಾಗಸ್ ಎಂಬ ವೈದ್ಯ ಗೋಡೆಯ ಈ ಹುಳಗಳ ಹೊಟ್ಟೆಯಲ್ಲಿ ಪರಾವಲಂಬಿಯನ್ನು ಕಂಡ. ಆಮೇಲೆ 1909ರಲ್ಲಿ, ಜ್ವರದಲ್ಲಿದ್ದ ಎರಡು ವರ್ಷದ ಹೆಣ್ಣುಮಗು ಬೆರೆನಿಸಿಯ ರಕ್ತದಲ್ಲಿ ಅದನ್ನೇ ಕಂಡ. ತನ್ನ ಗುರು ಓಸ್ವಾಲ್ಡೊ ಕ್ರೂಜ್‌ನ ಹೆಸರನ್ನು ಅದಕ್ಕಿಟ್ಟ. ಹುಳ, ಪರಾವಲಂಬಿ, ರೋಗ ಮೂರನ್ನೂ ಒಬ್ಬನೇ ಕಂಡುಹಿಡಿದ ಇಂಥ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಇನ್ನೊಂದು ಸಿಗುವುದು ಕಷ್ಟ. ಆಕೆಗೆ ಬೇಕಾಗಿದ್ದ ಭಾಗ ಇದಲ್ಲ. ಆ ಮಗು ಬೆಳೆದು, ಎಪ್ಪತ್ತು ದಾಟಿ ಬದುಕಿತು, ಪರಾವಲಂಬಿ ಕೊನೆಯವರೆಗೂ ಮೈಯಲ್ಲೇ ಇತ್ತು, ಹೃದಯ ಮಾತ್ರ ಸರಿಯಾಗೇ ಇತ್ತು. ಸೋಂಕಾದವರಲ್ಲಿ ನೂರಕ್ಕೆ ಎಪ್ಪತ್ತು ಮಂದಿಯ ಕಥೆ ಹೀಗೇ. ಉಳಿದ ಮೂವತ್ತರಷ್ಟು ಮಂದಿಗೆ ಹತ್ತು, ಇಪ್ಪತ್ತು, ಮೂವತ್ತು ವರ್ಷ ಕಳೆದು ಹೃದಯದ ಸ್ನಾಯು ಸೋಲುತ್ತದೆ, ಬಡಿತದ ತಂತು ಕೆಡುತ್ತದೆ. ಕೆಲವರಿಗೆ ಅನ್ನನಾಳ, ದೊಡ್ಡ ಕರುಳು ಹಿಗ್ಗಿ ಸೋಲುತ್ತವೆ.

“ನಾನು ಆ ಬೆರೆನಿಸಿನೋ, ನನ್ನ ಅಮ್ಮನೋ?” ಅಂತ ಕೇಳಿದಳು. ಅಮ್ಮ ಜೋಳದ ಹೊಲದಿಂದ ವಾಪಸು ಬರುತ್ತಾ ದಾರಿಯಲ್ಲೇ ಕುಸಿದು ಸತ್ತವಳು. ಆಗ ಅವಳಿಗೆ ಐವತ್ತೂ ಆಗಿರಲಿಲ್ಲ.

ಆ ಪ್ರಶ್ನೆಗೆ ಉತ್ತರದ ಮೊದಲ ಕಂತು ಇಸಿಜಿ. ಈ ಕಾಯಿಲೆ ಹೃದಯಕ್ಕೆ ಇಳಿದಾಗ ಸಾಮಾನ್ಯವಾಗಿ ಮೊದಲು ಕಾಣುವುದು ಬಲಗಡೆಯ ವಿದ್ಯುತ್ ತಂತಿನ ತಡೆ, ಅದರ ಜೊತೆ ಎಡಗಡೆಯ ಮುಂದಿನ ಕವಲಿನದ್ದೂ. ಆಕೆಯದ್ದು ಸ್ವಚ್ಛವಾಗಿತ್ತು. ಎಕೋವನ್ನು ಒಂದು ಆಸ್ಪತ್ರೆ ದಾನದ ಲೆಕ್ಕದಲ್ಲಿ ಮಾಡಿಕೊಟ್ಟಿತು, ಅದೂ ಸರಿ ಇತ್ತು. ಹಾಗಿದ್ದರೆ ಔಷಧಿ ಕೊಡುವುದು ಯಾಕೆ? ಈ ಹಂತದಲ್ಲಿ, ಐವತ್ತರೊಳಗಿನವರಿಗೆ, ಹೃದಯ ಕೆಡುವ ಮುಂಚೆ ಕೊಟ್ಟರೆ ಮುಂದಿನ ಹಾನಿ ತಪ್ಪಬಹುದು ಎಂಬ ಆಶೆಯಿಂದ. ಹೆರಿಗೆಯ ವಯಸ್ಸಿನ ಹೆಂಗಸರಿಗೆ ಇನ್ನೂ ಗಟ್ಟಿಯಾದ ಕಾರಣವಿದೆ: ಗರ್ಭಿಣಿಯಾಗುವ ಮುಂಚೆಯೇ ಔಷಧಿ ತೆಗೆದುಕೊಂಡ ತಾಯಂದಿರಿಂದ ಮಗುವಿಗೆ ಸೋಂಕು ದಾಟುವುದು ಹೆಚ್ಚುಕಡಿಮೆ ನಿಲ್ಲುತ್ತದೆ.

ದಾಟುವುದು ಅಂದ ಕೂಡಲೇ ಆಕೆ ಮಕ್ಕಳ ಹೆಸರು ಹೇಳಿದಳು. ದೊಡ್ಡವನು ಕೊಚಬಾಂಬಾದಲ್ಲಿ ಹುಟ್ಟಿದವನು, ಚಿಕ್ಕವಳು ಇಲ್ಲೇ. ಸೋಂಕಿರುವ ತಾಯಿಗೆ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಐದರ ಆಸುಪಾಸಿನಷ್ಟಕ್ಕೆ ಸೋಂಕಿರುತ್ತದೆ. ಇಬ್ಬರನ್ನೂ ಕರೆಸಿದೆ. ಹುಳದ ನಡುವೆ ಎರಡು ವರ್ಷ ಮಲಗಿ ಬೆಳೆದ ಹುಡುಗನದ್ದು ನೆಗೆಟಿವ್. ಒಂಬತ್ತು ವರ್ಷದ ಹುಡುಗಿಯದ್ದು ಪಾಸಿಟಿವ್. ಬೊಲಿವಿಯಾವನ್ನು ಫೋಟೋದಲ್ಲಿ ಮಾತ್ರ ನೋಡಿದವಳು ಅವಳು.

ನನಗೆ ಇಲ್ಲಿ ಸಿಟ್ಟು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಈ ಹುಡುಗಿ ಹುಟ್ಟಿದ್ದು ಎಲ್ಲ ಸೌಕರ್ಯವಿದ್ದ ಆಸ್ಪತ್ರೆಯಲ್ಲಿ. ಬಸುರಿಯ ಎಚ್‌ಐವಿ ನೋಡಿದ್ದರು, ಸಿಫಿಲಿಸ್ ನೋಡಿದ್ದರು, ಹೆಪಟೈಟಿಸ್ ಬಿ ನೋಡಿದ್ದರು. ಎಲ್ಲಿಯವಳು ಎಂಬುದು ಕಡತದಲ್ಲಿ ಬರೆದೇ ಇತ್ತು. ಹುಟ್ಟಿದ ಮೊದಲ ವರ್ಷದಲ್ಲಿ ಔಷಧಿ ಕೊಟ್ಟಿದ್ದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಕ್ಕಳು ಪೂರ್ತಿ ಗುಣವಾಗುತ್ತಾರೆ. ಸ್ಪೇನಿನ ಬಾರ್ಸಿಲೋನಾ ಇರುವ ಕತಲೂನಿಯಾದಲ್ಲಿ 2010ರಿಂದ ಲ್ಯಾಟಿನ್ ಅಮೆರಿಕದಿಂದ ಬಂದ ಬಸುರಿಯರನ್ನೆಲ್ಲ ಪರೀಕ್ಷೆ ಮಾಡುವ ವ್ಯವಸ್ಥೆ ಇದೆ. ಅಲ್ಲಿಗೂ ಇದೇ ಕೊಚಬಾಂಬಾದ ಜನ ವಲಸೆ ಹೋಗಿದ್ದಾರೆ, ಹುಳವೂ ಅದೇ. ಅವರಿಗೆ ಆದದ್ದು ಇಲ್ಲಿ ಯಾಕೆ ಆಗಲಿಲ್ಲ ಅಂದರೆ, ಯಾರೂ ಕೇಳಲಿಲ್ಲ ಅಷ್ಟೆ.

ತಾಯಿ ಆ ಕೋಣೆಯಲ್ಲಿ ಅಳಲಿಲ್ಲ. ಹುಡುಗಿ ಮಾತ್ರ ಇಂಗ್ಲಿಷಿನಲ್ಲಿ, “ಆ ಹುಳ ನಾನು ನೋಡೇ ಇಲ್ಲವಲ್ಲ, ನನಗೆ ಹೇಗೆ ಬಂತು?” ಅಂತ ಕೇಳಿತು. ನಾನು ಹೇಳಿದೆ: ನೀನು ಹುಟ್ಟುವ ಮುಂಚೆಯೇ ಅದು ಬಂದಿತ್ತು, ಅಮ್ಮನಿಗೂ ಗೊತ್ತಿರಲಿಲ್ಲ, ಅಮ್ಮನಿಗೆ ಅವರಮ್ಮನ ಮನೆಯಲ್ಲಿ ಬಂತು. ಹುಡುಗಿ ಸ್ವಲ್ಪ ಯೋಚಿಸಿ, ಶಾಲೆಯಲ್ಲಿ ಯಾರಿಗೂ ಹೇಳಬಾರದು ಅಂತ ಅಮ್ಮನಿಗೆ ತಾಕೀತು ಮಾಡಿತು.

ಔಷಧಿಯ ಹೆಸರು ಬೆಂಜ್ನಿಡಜೋಲ್. ಅರ್ಧ ಶತಮಾನದಷ್ಟು ಹಳೆಯದು. ಇನ್ನೊಂದು ನಿಫರ್ಟಿಮಾಕ್ಸ್, ಅದೂ ಅಷ್ಟೇ ಹಳೆಯದು. ಈ ಎರಡು ಬಿಟ್ಟರೆ ಮೂರನೆಯದಿಲ್ಲ, ಯಾಕೆಂದರೆ ಕೊಳ್ಳಲು ಕಾಸಿಲ್ಲದವರ ಕಾಯಿಲೆಗೆ ಹೊಸ ಔಷಧಿ ಹುಡುಕುವ ಆತುರ ಯಾರಿಗಿದೆ? ಅಮೆರಿಕದಲ್ಲಿ 2017ರ ತನಕ ಇವು ಔಷಧಿ ಅಂಗಡಿಯಲ್ಲಿ ಸಿಗುತ್ತಲೇ ಇರಲಿಲ್ಲ, ಸಿಡಿಸಿಯನ್ನು ಕೇಳಿ ಪ್ರಯೋಗದ ಔಷಧಿ ಅಂತ ತರಿಸಿಕೊಳ್ಳಬೇಕಿತ್ತು. ಆ ವರ್ಷ ಬೆಂಜ್ನಿಡಜೋಲ್‌ಗೆ ಅನುಮತಿ ಸಿಕ್ಕಿತು, ಅದೂ 2ರಿಂದ 12 ವರ್ಷದ ಮಕ್ಕಳಿಗೆ. 2020ರಲ್ಲಿ ನಿಫರ್ಟಿಮಾಕ್ಸ್‌ಗೂ ಸಿಕ್ಕಿತು, 18 ತುಂಬದವರಿಗೆ. ದೊಡ್ಡವರಿಗೆ ಕೊಡಬಹುದು, ನಾವು ಕೊಡುತ್ತೇವೆ, ಆದರೆ ಅದು ಡಬ್ಬಿಯ ಮೇಲೆ ಬರೆದ ಉಪಯೋಗವಲ್ಲ.

ಇದರಿಂದ ಒಂದೇ ಮನೆಯಲ್ಲಿ ಎರಡು ನ್ಯಾಯವಾಯಿತು. ಮಗಳು ಇಲ್ಲಿ ಹುಟ್ಟಿದವಳು, ಬಡವರಿಗೆ ಸರ್ಕಾರ ಕೊಡುವ ವಿಮೆ ಮೆಡಿಕೈಡ್ ಇದೆ, ವಯಸ್ಸು ಒಂಬತ್ತು. ಒಂದು ಅರ್ಜಿ, ಎರಡು ಫೋನು, ಮಾತ್ರೆ ಅಂಚೆಯಲ್ಲಿ ಬಂತು. ತಾಯಿಗೆ ವಿಮೆಯೂ ಇಲ್ಲ, ವಯಸ್ಸೂ ಇಲ್ಲ. ಔಷಧಿ ಕಂಪನಿಯವರು ಬಡವರಿಗೆ ಉಚಿತವಾಗಿ ಕೊಡುವ ಯೋಜನೆಗೆ ಅರ್ಜಿ ಹಾಕಬೇಕಾಯಿತು. ಅದಕ್ಕೆ ಸಂಬಳದ ಚೀಟಿ ಬೇಕು. ಆಕೆಗೆ ಸಂಬಳ ಕೈಗೆ ಬರುವುದು ನಗದಾಗಿ. ಮೇಸ್ತ್ರಿಯನ್ನು ಕೇಳಿದರೆ ಯಾಕೆ ಅಂತಾನೆ. ಕೊನೆಗೆ ಚರ್ಚಿನ ಪಾದ್ರಿಯೊಬ್ಬರು ಆಕೆಯ ಪರಿಸ್ಥಿತಿ ತಿಳಿಸಿ ಬರೆದುಕೊಟ್ಟರು, ನಮ್ಮ ಕ್ಲಿನಿಕ್ಕಿನ ಸಮಾಜ ಸೇವಕಿ ಅದಕ್ಕೆ ಇನ್ನೇನೇನೋ ಸೇರಿಸಿ ಕಳಿಸಿದರು. ಔಷಧಿ ಯೋಜನೆಯವರು ಒಳ್ಳೆಯವರೇ, ಒಪ್ಪಿದರು. ಆದರೆ ಈ ಅಲೆದಾಟಕ್ಕೆ ಹಿಡಿದ ಕಾಲ ಪೂರ್ತಿ ಚಿಕಿತ್ಸೆಗೆ ಹಿಡಿಯುವುದಕ್ಕಿಂತ ಉದ್ದವಾಗಿತ್ತು.

ಚಿಕಿತ್ಸೆ 60 ದಿನದ್ದು. ಆಕೆಯ ತೂಕಕ್ಕೆ ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ ಮಾತ್ರೆ. ಮೊದಲು ಬಸುರಿಯಲ್ಲ ಅಂತ ಖಚಿತ ಮಾಡಿಕೊಳ್ಳಬೇಕು, ರಕ್ತಕಣ ಮತ್ತು ಲಿವರ್ ನೋಡಬೇಕು, ನಡುವೆ ಮತ್ತೆ ಮತ್ತೆ ನೋಡಬೇಕು. ಕುಡಿಯಬಾರದು. ಕೊನೆಯ ಮಾತಿಗೆ ಆಕೆ ಕ್ಯಾಲೆಂಡರ್ ತೆಗೆದು ಲೆಕ್ಕ ಹಾಕಿದಳು. ಆಗಸ್ಟ್‌ನಲ್ಲಿ ಉರ್ಕುಪಿನ್ಯಾ ಮಾತೆಯ ಹಬ್ಬ, ಕೊಚಬಾಂಬಾ ಪಕ್ಕದ ಕಿಯ್ಯಕೊಯ್ಯೊದಲ್ಲಿ ನಡೆಯುವ ಜಾತ್ರೆಯನ್ನು ಇಲ್ಲಿನವರೂ ಮಾಡುತ್ತಾರೆ. ಹಬ್ಬದಲ್ಲಿ ಮೆಕ್ಕೆಜೋಳದ ಚೀಚಾ ಕುಡಿಯದಿದ್ದರೆ ಹೇಗೆ? ಚೀಚಾ ಹುಳಿಬಂದ ಕಳ್ಳಿನಂಥದ್ದು, ಅದೂ ಮದ್ಯವೇ. ಹಬ್ಬ ಮುಗಿಸಿ ಶುರು ಮಾಡೋಣ ಅಂತ ಒಪ್ಪಂದವಾಯಿತು. ಇಪ್ಪತ್ತು ವರ್ಷ ಕಾದ ಪರಾವಲಂಬಿ ಎರಡು ವಾರ ಕಾಯುತ್ತದೆ, ನನಗೇನೂ ಅಭ್ಯಂತರವಿರಲಿಲ್ಲ.

ಎರಡನೇ ವಾರದಲ್ಲಿ ಮೈಯೆಲ್ಲ ದದ್ದು. ಇದು ಬರುತ್ತದೆ ಅಂತ ಮೊದಲೇ ಹೇಳಿದ್ದೆ, ಬಹಳ ಜನಕ್ಕೆ ಬರುತ್ತದೆ. ಆದರೂ ಆಕೆ ಅದನ್ನು ನೆಲ ಒರೆಸುವ ದ್ರಾವಣದ ಅಲರ್ಜಿ ಅಂತ ಅಂದುಕೊಂಡು ಕೈಗವಸು ಬದಲಿಸಿ ನೋಡಿದ್ದಳು. ಜ್ವರ ಇಲ್ಲ, ಬಾಯಲ್ಲಿ ಹುಣ್ಣಿಲ್ಲ, ಹಾಗಾಗಿ ನಿಲ್ಲಿಸಬೇಕಿರಲಿಲ್ಲ. ತುರಿಕೆಯ ಮಾತ್ರೆ, ಸ್ವಲ್ಪ ದಿನ ಸಣ್ಣ ಪ್ರಮಾಣದ ಸ್ಟೀರಾಯ್ಡ್, ಇಳಿಯಿತು. ಹಸಿವು ಹೋಯಿತು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಬೇಕಾದವಳಿಗೆ ನಿದ್ದೆಯೂ ಹೋಯಿತು. ಮಗಳು ಮಾತ್ರ ಏನೂ ಆಗದವಳ ಹಾಗೆ ದಿನಾ ಮಾತ್ರೆ ನುಂಗಿ ಶಾಲೆಗೆ ಹೋದಳು. ಮಕ್ಕಳ ಮೈ ಈ ಔಷಧಿಯನ್ನು ದೊಡ್ಡವರಿಗಿಂತ ಎಷ್ಟೋ ಚೆನ್ನಾಗಿ ತಡೆಯುತ್ತದೆ. ಅಮ್ಮ ಮರೆತರೆ ಅವಳೇ ನೆನಪಿಸುತ್ತಿದ್ದಳಂತೆ.

ಏಳನೇ ವಾರಕ್ಕೆ ಆಕೆಯ ಅಂಗಾಲು ಜೋಮು ಹಿಡಿಯಲು ಶುರುವಾಯಿತು. ಇದು ದದ್ದಿನ ಹಾಗಲ್ಲ, ಔಷಧಿ ನರಕ್ಕೆ ತಾಗಿದ ಲಕ್ಷಣ. ಮುಂದುವರಿಸಿದರೆ ಉಳಿದುಕೊಳ್ಳಬಹುದು, ಮೆಟ್ಟಿಲು ಹತ್ತಿ ಇಳಿದು ಬಕೆಟ್ ಹೊರುವವಳಿಗೆ ಕಾಲೇ ಬಂಡವಾಳ. ನಿಲ್ಲಿಸಿಬಿಡಿ ಅಂದೆ. ಆಕೆಗೆ ಅದು ಸೋಲಿನ ಹಾಗೆ ಕಂಡಿತು. ಅಷ್ಟು ದಿನ ನುಂಗಿದ್ದು ದಂಡವಾಯಿತಾ? ಇಲ್ಲ ಅನ್ನಲು ನನ್ನ ಕೈಯಲ್ಲಿ ಒಂದು ಆಧಾರವಿತ್ತು, ಅದೂ ಆಕೆಯ ಊರಿನದ್ದೇ. 60 ದಿನ ನಿಜಕ್ಕೂ ಬೇಕೇ ಎಂದು ನೋಡಲು ಬೊಲಿವಿಯಾದಲ್ಲಿ, ಕೊಚಬಾಂಬಾದಲ್ಲೂ ಸೇರಿ, ಒಂದು ಪ್ರಯೋಗ ನಡೆದಿತ್ತು. ಬೆಂಡಿಟಾ ಅಂತ ಅದರ ಹೆಸರು, 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಎರಡೇ ವಾರ ಕೊಟ್ಟವರಲ್ಲೂ ಪರಾವಲಂಬಿ ರಕ್ತದಿಂದ ಬಹುಪಾಲು ಅಷ್ಟೇ ಚೆನ್ನಾಗಿ ಮಾಯವಾಗಿತ್ತು. ಸಣ್ಣ ಅಧ್ಯಯನ, ಇನ್ನೂ ಪದ್ಧತಿ ಬದಲಾಗಿಲ್ಲ. ಆದರೆ ನಿಮ್ಮವರೇ ತಮ್ಮ ರಕ್ತ ಕೊಟ್ಟು ಕಂಡುಕೊಂಡದ್ದು ಇದು, ನಿಮ್ಮ ಏಳು ವಾರ ದಂಡವಲ್ಲ, ಅಂದೆ. ಜೋಮು ಕೆಲವು ತಿಂಗಳು ಹಿಡಿದು ಬಿಟ್ಟಿತು.

ಆಕೆಯ ಅಣ್ಣನ ಪ್ರಸಂಗ ಇನ್ನೊಂದು ಥರ. ಐವತ್ತು ದಾಟಿದವನು, ಬಣ್ಣದ ಕೆಲಸ. ಒಮ್ಮೆ ಏಣಿಯ ಮೇಲೆ ತಲೆ ತಿರುಗಿ ಬಿದ್ದು, ನಾಡಿ ಮೂವತ್ತಕ್ಕೆ ಇಳಿದಿದೆ ಅಂತ ಒಂದು ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಹಾಕಿದ್ದರು. ಆ ವಯಸ್ಸಿಗೆ ಬಡಿತದ ತಂತು ಯಾಕೆ ಕೆಟ್ಟಿತು ಅಂತ ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ತಂಗಿಯೇ ಅವನನ್ನು ಎಳೆದುಕೊಂಡು ಬಂದಳು. ಪರೀಕ್ಷೆ ಎರಡೂ ಹೌದು ಅಂದವು.

ಅವನಿಗೆ ಬೆಂಜ್ನಿಡಜೋಲ್ ಕೊಡುವುದಿಲ್ಲ ಅಂದೆ. ಹೃದಯ ಆಗಲೇ ಕೆಟ್ಟವರಿಗೆ ಅದು ಉಪಯೋಗವೇ ಅಂತ ನೋಡಲು 2,854 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನ 2015ರಲ್ಲಿ ಮುಗಿಯಿತು. ರಕ್ತದಲ್ಲಿ ಪರಾವಲಂಬಿ ಕಡಿಮೆಯಾಯಿತು, ಹೃದಯದ ಹಾನಿ ಮಾತ್ರ ನಿಲ್ಲಲಿಲ್ಲ. ಇದನ್ನೆಲ್ಲ ಕೇಳಿಸಿಕೊಂಡು ಅವನು, “ಔಷಧಿ ಇಲ್ಲ ಅಂದ್ಮೇಲೆ ಯಾಕೆ ಪರೀಕ್ಷೆ ಮಾಡಿದ್ರಿ, ಡೊಕ್ತೊರಾ? ಸುಮ್ನೆ ಗೊತ್ತಿಲ್ದೆ ಇರ್ತಿದ್ದೆ” ಅಂದ. ತಂಗಿಗೆ ನಾನು ಡೊಕ್ತೊರೀತಾ, ಅವನಿಗೆ ಬರೀ ಡೊಕ್ತೊರಾ.

ನ್ಯಾಯವಾದ ಪ್ರಶ್ನೆ. ತಕ್ಷಣಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ. ಅವನ ಹೃದಯತಜ್ಞರಿಗೆ ಫೋನ್ ಮಾಡಿ ಇದು ಚಾಗಸ್ ಅಂದೆ. ಪುಣ್ಯಕ್ಕೆ ಅವರು ಕೇಳಿಸಿಕೊಂಡರು, ಎಕೋವನ್ನು ಬೇರೆ ಕಣ್ಣಿನಿಂದ ಮತ್ತೆ ಮಾಡಿದರು. ಚಾಗಸ್ ಹೃದಯದ ತುದಿಯನ್ನು ತೆಳ್ಳಗೆ ಮಾಡಿ ಉಬ್ಬಿಸುತ್ತದೆ, ಆ ಉಬ್ಬಿನಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹಾರಬಹುದು. ಅವನಿಗೆ ಆ ಉಬ್ಬು ಇತ್ತು, ಮೊದಲ ಸಲ ಅಲ್ಲಿ ಯಾರೂ ಹುಡುಕಿರಲಿಲ್ಲ. ಹೆಪ್ಪು ತಡೆಯುವ ಮಾತ್ರೆ ಶುರುವಾಯಿತು. ಮುಂದೆ ಹೃದಯ ಕಸಿಯ ಮಾತು ಬಂದರೂ ಈ ಸೋಂಕು ಗೊತ್ತಿರಲೇಬೇಕು, ಕಸಿಯ ನಂತರದ ಔಷಧಿಗಳಿಂದ ಪರಾವಲಂಬಿ ಮತ್ತೆ ತಲೆ ಎತ್ತುತ್ತದೆ. ಹೀಗೆಲ್ಲ ವಿವರಿಸಿದ ಮೇಲೆ ಅವನು ಒಪ್ಪಿದನೋ ಇಲ್ಲವೋ ತಿಳಿಯದು. ಮಾತ್ರೆಯನ್ನಂತೂ ತಪ್ಪದೆ ನುಂಗುತ್ತಾನೆ.

ಈ ಮನೆಯವರ ನಂತರ ಕ್ಲಿನಿಕ್ಕಿನಲ್ಲಿ ಒಂದು ವಾದ ನಡೆಯಿತು. ಎಲ್ಲರನ್ನೂ ಪರೀಕ್ಷಿಸಬೇಕೆಂದು ನಾನು, ದುಡ್ಡೆಲ್ಲಿ ಎಂದು ಆಡಳಿತದವರು. ಲಾಸ್ ಏಂಜಲಿಸ್‌ನಲ್ಲಿ ಚಾಗಸ್‌ಗೆಂದೇ ಒಂದು ಕೇಂದ್ರವಿದೆ, ಆಲಿವ್ ವ್ಯೂ ಆಸ್ಪತ್ರೆಯಲ್ಲಿ, 2007ರಿಂದ. ಅದನ್ನು ಕಟ್ಟಿದವರು ಶೀಬಾ ಮೇಮಂಡಿ ಎಂಬ ಹೃದಯತಜ್ಞೆ. ಅವರ ತಂಡ ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿದ 4,755 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ 1.24 ಮಂದಿಯಲ್ಲಿ, ಎಲ್ ಸಾಲ್ವಡಾರ್‌ನವರಲ್ಲಿ ನೂರಕ್ಕೆ 3.45 ಮಂದಿಯಲ್ಲಿ ಸೋಂಕು ಸಿಕ್ಕಿತು. ನಮ್ಮಲ್ಲಿಗೆ ಬರುವವರಲ್ಲಿ ಅತಿ ಹೆಚ್ಚು ಮಂದಿ ಎಲ್ ಸಾಲ್ವಡಾರ್‌ನವರೇ. ಅಮೆರಿಕದಲ್ಲಿ ಒಟ್ಟು ಮೂರು ಲಕ್ಷದ ಆಸುಪಾಸು ಮಂದಿಗೆ ಈ ಸೋಂಕಿದೆ ಎಂಬುದು ಅಂದಾಜು. ಟೆಕ್ಸಾಸ್ ಮುಂತಾದ ದಕ್ಷಿಣದ ರಾಜ್ಯಗಳಲ್ಲಿ ಹುಳವೂ ಇದೆ, ಸೋಂಕಾದ ನಾಯಿಗಳೂ ಇವೆ, ಅಲ್ಲೇ ಸೋಂಕಾದ ಕೆಲವರೂ ಇದ್ದಾರೆ. ಕೊನೆಗೆ ಸಿಕ್ಕಿದ್ದು ರಾಜಿ: ಹೊಸದಾಗಿ ಬರುವವರ ಫಾರಂನಲ್ಲಿ ಹುಟ್ಟಿದ ಊರು, ಮನೆಯ ಗೋಡೆ, ಮನೆಯಲ್ಲಿ ಹಠಾತ್ತಾಗಿ ಸತ್ತವರು ಅಂತ ಮೂರು ಸಾಲು. ಹೆರಿಗೆಯ ವಯಸ್ಸಿನ ಹೆಂಗಸರಿಗೆ ಮೊದಲ ಆದ್ಯತೆ. ಫಾರಂ ತುಂಬಿಸಿಕೊಳ್ಳುವ ಹುಡುಗಿ ಹುಳದ ಬಣ್ಣದ ಚಿತ್ರವೊಂದನ್ನು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಅದನ್ನು ನೋಡಿದವರು ತಂತಮ್ಮ ಊರಿನ ಹೆಸರು ಹೇಳುತ್ತಾರೆ. ಬೊಲಿವಿಯಾದವರು ವಿಂಚುಕಾ, ಸಾಲ್ವಡಾರ್‌ನವರು ಚೀಂಚೆ. ಗೊತ್ತಿಲ್ಲ ಅನ್ನುವವರು ಕಡಿಮೆ.

ತಾಯಿ ವರ್ಷಕ್ಕೊಮ್ಮೆ ಇಸಿಜಿಗೆ ಬರುತ್ತಾಳೆ. ಪ್ರತಿ ಸಲವೂ “ಹೋಯಿತಾ?” ಅಂತ ಕೇಳುತ್ತಾಳೆ. ದೊಡ್ಡವರಲ್ಲಿ ಔಷಧಿ ಕೆಲಸ ಮಾಡಿದ್ದರೂ ಪ್ರತಿಕಾಯಗಳು ಹತ್ತಾರು ವರ್ಷ ಉಳಿದುಬಿಡುತ್ತವೆ. ಹೋಗಿದೆ ಎಂದು ಬರೆದುಕೊಡುವ ಪರೀಕ್ಷೆ ಯಾವುದೂ ಇಲ್ಲ. ಇಸಿಜಿ ಸರಿ ಇದೆ, ಮುಂದಿನ ವರ್ಷ ಬನ್ನಿ, ಇಷ್ಟೇ ನಾನು ಹೇಳಬಲ್ಲೆ. ಮಗಳ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳಬಹುದು. ಆ ವಯಸ್ಸಿನಲ್ಲಿ ಔಷಧಿ ತೆಗೆದುಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಪರೀಕ್ಷೆ ಮೂರು ನಾಲ್ಕು ವರ್ಷದಲ್ಲಿ ನೆಗೆಟಿವ್ ಆಗುತ್ತದೆ. ಅವಳ ಪ್ರತಿಕಾಯದ ಮಟ್ಟ ಇಳಿಯುತ್ತಿದೆ, ಇನ್ನೂ ನೆಗೆಟಿವ್ ಆಗಿಲ್ಲ.

ಈಚೆಗೆ ಆಕೆ ತನ್ನ ಜೊತೆ ಕೆಲಸ ಮಾಡುವ ಒಬ್ಬಳನ್ನು ಕರೆತಂದಳು, ಎಲ್ ಸಾಲ್ವಡಾರ್‌ನ ಹುಡುಗಿ, ಏಳು ತಿಂಗಳ ಬಸುರಿ. ಮಣ್ಣಿನ ಗೋಡೆ, ಚೀಂಚೆ, ಎಲ್ಲವನ್ನೂ ದಾರಿಯಲ್ಲೇ ಕೇಳಿ ತಿಳಿದುಕೊಂಡು ಬಂದಿದ್ದಳು, ನಾನು ಕೇಳಲು ಏನೂ ಉಳಿಸಿರಲಿಲ್ಲ. ಪರೀಕ್ಷೆ ಪಾಸಿಟಿವ್. ಬಸುರಿನಲ್ಲಿ ಔಷಧಿ ಕೊಡುವ ಹಾಗಿಲ್ಲ, ಹೆರಿಗೆ ಆಗಿ, ಮೊಲೆಹಾಲು ಬಿಡಿಸಿದ ಮೇಲೆ. ಮಗುವಿಗೆ ಮಾತ್ರ ತಡ ಮಾಡುವಂತಿಲ್ಲ. ಹುಟ್ಟಿದ ಕೂಡಲೇ ರಕ್ತದಲ್ಲಿ ಪರಾವಲಂಬಿ ನೋಡಬೇಕು, ಪಿಸಿಆರ್ ಮಾಡಬೇಕು, ಆಗ ಸಿಗದಿದ್ದರೆ ಒಂಬತ್ತು ತಿಂಗಳಿಗೆ, ತಾಯಿಯಿಂದ ಬಂದ ಪ್ರತಿಕಾಯಗಳು ಹೋದ ಮೇಲೆ, ಮತ್ತೆ ನೋಡಬೇಕು. ಇದನ್ನೆಲ್ಲ ಹೆರಿಗೆ ಆಸ್ಪತ್ರೆಯ ಕಂಪ್ಯೂಟರಿಗೆ ಕಳಿಸಿದ್ದೇನೆ. ಕಂಪ್ಯೂಟರ್ ಯಾರು ನೋಡುತ್ತಾರೋ ಅಂತ ಒಂದು ಹಾಳೆಯಲ್ಲೂ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಕೊಟ್ಟೆ. ನೋವು ಶುರುವಾದಾಗ ಹುಡುಗಿ ಅದನ್ನು ಮರೆಯಬಹುದು ಅಂತ ಆಕೆ ಇನ್ನೊಂದು ಪ್ರತಿ ಕೇಳಿ ಇಸಿದುಕೊಂಡು ತನ್ನ ಕೈಚೀಲಕ್ಕೂ ಹಾಕಿಕೊಂಡಳು.